ಎಂಟೇ ಹಾಡಾ?

2000ದ ಶರತ್ಕಾಲ. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಕಟೇಸ್ ಬಡಾವಣೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೆವು. ನಾನು ಅಲ್ಲಿಗೆ ಎಂ.ಎಸ್ಸಿ. ಓದಲು ಹೋಗಿ ಒಂದು ತಿಂಗಳಾಗಿತ್ತು, ಅಷ್ಟೆ. ದಿನಾ ಮಳೆ. ನಮ್ಮ ಅರಸೀಕೆರೆ ಕಡೆ ಮಳೆಗೆ ಆಕಾಶ ನೋಡಿಕೊಂಡು ಬೆಳೆದವನಿಗೆ ಅದು ನಂಬಲಾಗದ ಮಳೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1766ರಿಂದ ಮಳೆಯ ಲೆಕ್ಕ ಇಟ್ಟಿದ್ದಾರೆ. ಅಷ್ಟೂ ವರ್ಷಗಳಲ್ಲಿ ಅಂಥ ಶರತ್ಕಾಲ ಬಂದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅಂಥದ್ದೊಂದು ಸಂಜೆ ನಮ್ಮ ಮನೆಯಲ್ಲಿದ್ದ, ಪಶ್ಚಿಮ ವೇಲ್ಸ್‌ನ ಕಾರ್ಮಾರ್ಥೆನ್ ಊರಿನ ಹುಡುಗ ಜಾಕೆಟ್ ಒಳಗೆ ಏನನ್ನೋ ಬಚ್ಚಿಟ್ಟುಕೊಂಡು ಓಡಿ ಬಂದ. ತಲೆಯಿಂದ ನೀರು ಸುರಿಯುತ್ತಿತ್ತು. ಒಳಗಿಂದ ತೆಗೆದದ್ದು ಒಂದು ಸಿ.ಡಿ. ಸ್ಪಿಲ್ಲರ್ಸ್ ಅಂಗಡಿಯಿಂದ ತಂದದ್ದು. 1894ರಲ್ಲಿ ಶುರುವಾದ ಅಂಗಡಿ ಅದು, ಜಗತ್ತಿನ ಅತಿ ಹಳೆಯ ರೆಕಾರ್ಡ್ ಅಂಗಡಿ ಅಂತ ಹೆಸರು. ಆಗ ಹೇಯ್ಸ್ ಬೀದಿಯಲ್ಲಿತ್ತು. ಅವನು ತಲೆ ಕೂಡ ಒರೆಸಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಹಲ್ಲಿನಿಂದ ಹರಿದು ಸಿ.ಡಿ. ಹಾಕಿದ. ನಾವು ಮೂರು ಜನ ಟೀ ಹಿಡಿದು ನೆಲದ ಮೇಲೆ ಕೂತೆವು.

ಅಕೌಸ್ಟಿಕ್ ಗಿಟಾರ್. ಪಿಟೀಲು. ಪಿಯಾನೋ. ಮೆಲ್ಲಗೆ ಹಾಡುವ ಒಂದು ಗಂಡು ದನಿ. ಹಾಡಿನ ಮೇಲೆ ಹಾಡು ಬಂದು ಹೋಯಿತು. ಯಾವುದೂ ದನಿ ಏರಿಸಲಿಲ್ಲ. ಹೆಚ್ಚುಕಡಿಮೆ ಅರ್ಧ ಗಂಟೆಗೆ ಎಲ್ಲ ಮುಗಿಯಿತು. ಪ್ಲೇಯರ್ ಒಳಗೆ ಡಿಸ್ಕ್ ನಿಂತ ಸದ್ದು ಕೇಳಿತು. ಹೊರಗೆ ಮಳೆಯ ಸದ್ದು ಮತ್ತೆ ಜೋರಾಯಿತು.

"ಇಷ್ಟು ಬೇಗ ಮುಗೀತಾ?" ಅಂದ ಅವನು.

ಬ್ಯಾಂಡಿನ ಹೆಸರು ಗೋರ್ಕೀಸ್ ಝೈಗೋಟಿಕ್ ಮಂಕಿ. ಆಲ್ಬಮ್ಮಿನ ಹೆಸರು 'ದಿ ಬ್ಲೂ ಟ್ರೀಸ್'. ನೀಲಿ ಮರಗಳು. ಎಂಟೇ ಹಾಡು. ಅಂಥದ್ದಕ್ಕೆ ಮಿನಿ ಆಲ್ಬಮ್ ಅಂತಾರೆ. ಆ ಎಂಟು ಹಾಡಿನ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಜಗಳ, ಬೇಜಾರು, ಆಮೇಲೆ ಬಂದ ಪ್ರೀತಿ, ಇದನ್ನೆಲ್ಲ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಅವನಿಗೆ ಯಾಕೆ ಅಷ್ಟು ಬೇಜಾರಾಯಿತು ಅಂತ ತಿಳಿಯಬೇಕಾದರೆ ಈ ಬ್ಯಾಂಡ್ ಎಂಥದ್ದು ಅಂತ ಗೊತ್ತಿರಬೇಕು. 1991ರಲ್ಲಿ ಪಶ್ಚಿಮ ವೇಲ್ಸ್‌ನಲ್ಲಿ ಇನ್ನೂ ಶಾಲೆಯಲ್ಲಿದ್ದ ಹುಡುಗರು ಕಟ್ಟಿದ ತಂಡ. ಹಾಡುವವರು ಯೂರೋಸ್ ಚೈಲ್ಡ್ಸ್. ಪಿಟೀಲು ಅವರ ಸಹೋದರಿ ಮೇಗನ್. ಜೊತೆಗೆ ರಿಚರ್ಡ್ ಜೇಮ್ಸ್, ಜಾನ್ ಲಾರೆನ್ಸ್. ಡ್ರಮ್ಸ್‌ಗೆ ಇನ್ನೊಬ್ಬ ಯೂರೋಸ್, ಯೂರೋಸ್ ರೋಲಂಡ್ಸ್. ಇವರ ಹಾಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಯಾರೂ ಹೇಳಲಾಗುತ್ತಿರಲಿಲ್ಲ. ಒಂದು ಹಾಡು ಚರ್ಚಿನ ಆರ್ಗನ್ ಥರ ಶುರುವಾಗುತ್ತದೆ, ನಡುವೆ ಚೀರಾಟ, ಕೊನೆಗೆ ಜೋಗುಳ. ಒಂದು ಹಾಡು ಹಳೇ ಕಾಲದ ಅರಮನೆಯ ಕುಣಿತ. ಪಕ್ಕದ್ದು ಅಮೆರಿಕದ ಕಂಟ್ರಿ ಸಂಗೀತ. ಅದರ ಪಕ್ಕದ್ದು ಯಾವುದು ಅಂತ ಹೇಳಲು ಹೆಸರೇ ಇಲ್ಲ. ಅರವತ್ತರ ದಶಕದ ಕೊನೆಯ ಸಾಫ್ಟ್ ಮೆಷಿನ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ಬಳಗದವರು ಇವರಿಗೆ ದೇವರಂತೆ. ಆ ಬಳಗದ ಕೆವಿನ್ ಏಯರ್ಸ್ ಅವರ ಹೆಸರನ್ನೇ ಇಟ್ಟು ಒಂದು ಹಾಡು ಮಾಡಿದ್ದರು, 1994ರ 'ಟಾಟೇ' ಆಲ್ಬಮ್ಮಿನಲ್ಲಿ. ಮುಂದಿನ ವರ್ಷದ ಆಲ್ಬಮ್ 'ಬ್ವೀಡ್ ಟೈಮ್'. ಬ್ವೀಡ್ ಅಂದರೆ ವೇಲ್ಸ್‌ನ ಭಾಷೆ ವೆಲ್ಷ್‌ನಲ್ಲಿ ಊಟ. ಅರ್ಧ ವೆಲ್ಷ್, ಅರ್ಧ ಇಂಗ್ಲಿಷ್. ನಾವು 'ಊಟದ ಟೈಮ್' ಅನ್ನೋದಿಲ್ವಾ, ಹಾಗೇ.

ನನಗೆ ಈ ಬ್ಯಾಂಡ್ ಮೊದಲು ಹಿಡಿಸಿದ್ದೇ ಇದರಿಂದ. 'ಪ್ಯಾಟಿಯೋ ಸಾಂಗ್' ಅಂತ ಇವರದ್ದೊಂದು ಹಾಡಿದೆ. ಇಂಗ್ಲಿಷ್‌ನಲ್ಲಿ ಶುರುವಾಗುತ್ತದೆ. ಕೇಳುತ್ತಾ ಕೇಳುತ್ತಾ ಇದ್ದ ಹಾಗೇ ವೆಲ್ಷ್‌ಗೆ ಹೊರಳುತ್ತದೆ. ಹೊರಳಿದ್ದು ಗೊತ್ತೇ ಆಗುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಾ ನಿಂತ ಇಬ್ಬರು ಹುಡುಗರು ಮಾತಾಡುವ ಹಾಗೆ. ಅಲ್ಲಿ ಯಾರೂ ಈಗ ಭಾಷೆ ಬದಲಾಯಿಸುತ್ತೇನೆ ಅಂತ ಹೇಳಿ ಬದಲಾಯಿಸುವುದಿಲ್ಲ. ಆ ಹಾಡು 1996ರಲ್ಲಿ ಬ್ರಿಟನ್ನಿನಲ್ಲಿ ವಾರವಾರ ಹೆಚ್ಚು ಮಾರಾಟವಾಗುವ ಹಾಡುಗಳ ಪಟ್ಟಿಯಲ್ಲಿ 41ನೇ ಜಾಗಕ್ಕೆ ಬಂದು ನಿಂತಿತು. ಆ ಕಾಲಕ್ಕೆ ಮೊದಲ ನಲವತ್ತರ ಒಳಗೆ ಬಂದರೆ ರೇಡಿಯೋ, ಟಿ.ವಿ., ಎಲ್ಲ ಬಾಗಿಲೂ ತೆರೆಯುತ್ತಿತ್ತು. ಒಂದೇ ಮೆಟ್ಟಿಲು ಬಾಕಿ. ಗೋರ್ಕೀಸ್‌ನ ಎಂಟು ಸಿಂಗಲ್‌ಗಳು, ಅಂದರೆ ಬಿಡಿಯಾಗಿ ಮಾರಿದ ಹಾಡುಗಳು, ಮೊದಲ ಎಪ್ಪತ್ತೈದರ ಒಳಗೆ ಬಂದವು. ಒಂದೂ ನಲವತ್ತನ್ನು ದಾಟಲಿಲ್ಲ. ಈ ವಿಷಯದಲ್ಲಿ ಅವರದ್ದೇ ದಾಖಲೆ. ಕಾರ್ಮಾರ್ಥೆನ್ ಹುಡುಗ ಇದನ್ನು ಹೇಳುವಾಗ ಅವನ ಮುಖದಲ್ಲಿ ನೋವೂ ಇರುತ್ತಿತ್ತು, ಹೆಮ್ಮೆಯೂ ಇರುತ್ತಿತ್ತು.

ಇಂಥ ಬ್ಯಾಂಡು ಈಗ ಎಂಟು ಮೆಲುದನಿಯ ಹಾಡು ಕೊಟ್ಟು ಸುಮ್ಮನಾಗಿತ್ತು. ಹಿಂದಿನ ವರ್ಷ ಬಂದ 'ಸ್ಪ್ಯಾನಿಶ್ ಡ್ಯಾನ್ಸ್ ಟ್ರೂಪ್' ಆಲ್ಬಮ್ಮಿನಲ್ಲಿ 'ಪೂಡಲ್ ರಾಕಿನ್' ಅಂತ ಕುಣಿಸುವ ಹಾಡಿತ್ತು. ಅವನು ಅದನ್ನು ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದ. ಹೊಸದರಲ್ಲೂ ಅಂಥದ್ದೊಂದು ಬರಬಹುದು ಅಂತ ಕಾದಿದ್ದ. ಬರಲಿಲ್ಲ.

ಜಗಳ ಆ ರಾತ್ರಿಯೇ ಶುರುವಾಯಿತು. ಬ್ರಿಸ್ಟಲ್‌ನ ಹುಡುಗ ಸಿ.ಡಿ. ಕವರ್ ತಿರುಗಿಸಿ ನೋಡಿ ನಿಮಿಷ ಲೆಕ್ಕ ಹಾಕಿದ. ಇದು ಆಲ್ಬಮ್ ಅಲ್ಲ, ಮುಂದಿನ ಆಲ್ಬಮ್ ಬರುವವರೆಗೆ ಕೈಗೆ ಕೊಟ್ಟ ತಿಂಡಿ ಅಂದ. ಕಾರ್ಮಾರ್ಥೆನ್ ಹುಡುಗನ ದೂರು ಬೇರೆ. ಜಾನ್ ಲಾರೆನ್ಸ್ ಬ್ಯಾಂಡ್ ಬಿಟ್ಟು ಹೋಗಿದ್ದೇ ಕಾರಣ, ಹುಚ್ಚುತನವೆಲ್ಲ ಅವರ ಜೊತೆ ಹೊರಟು ಹೋಯಿತು ಅಂತ ಅವನ ವಾದ. ನಾಲ್ಕನೆಯವಳು ಉತ್ತರದ ಕೆಯರ್ನಾರ್ವನ್‌ನವಳು. ಅವಳು ಏನೂ ಹೇಳಲಿಲ್ಲ. ಎದ್ದು ಹೋಗಿ ಮತ್ತೆ ಮೊದಲನೇ ಹಾಡಿಗೆ ಹಾಕಿದಳು.

ಅವರ ವಾದಕ್ಕೆ ಒಂದು ತೂಕ ಇತ್ತು. ಬೇರೆ ಬ್ಯಾಂಡುಗಳ ಅಭಿಮಾನಿಗಳ ಜಗಳದಲ್ಲಿ ನಾನು ಅದನ್ನು ಕಂಡಿರಲಿಲ್ಲ. ವೆಲ್ಷ್ ಮಾತಾಡುವವರು ಎಷ್ಟು ಜನ ಅಂತ ಮುಂದಿನ ವರ್ಷದ ಜನಗಣತಿಯಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸುಮಾರು 5.8 ಲಕ್ಷ. ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟು ಜನರ ಭಾಷೆಯಲ್ಲಿ ಹಾಡುವ ಒಂದು ಬ್ಯಾಂಡು ಲಂಡನ್ನಿನ ಪತ್ರಿಕೆಗಳವರೆಗೆ ಹೋಯಿತು ಅಂದರೆ ಆ ಬ್ಯಾಂಡು ಬರೀ ಬ್ಯಾಂಡಾಗಿ ಉಳಿಯುವುದಿಲ್ಲ. ಪ್ರತಿ ಆಲ್ಬಮ್ಮಿನಲ್ಲೂ ವೆಲ್ಷ್ ಹಾಡು ಎಷ್ಟು ಅಂತ ಎಣಿಸುತ್ತಾರೆ. ವೇಲ್ಸ್‌ನ ಸಾಹಿತ್ಯ, ಸಂಗೀತದ ದೊಡ್ಡ ಹಬ್ಬ ಐಸ್ಟೆದ್‌ವೊದ್. ಅದರ ವೇದಿಕೆಯಲ್ಲಿ ವೆಲ್ಷ್ ಬಿಟ್ಟು ಬೇರೆ ಭಾಷೆಗೆ ಜಾಗವಿಲ್ಲ. ಇಂಗ್ಲಿಷ್‌ನಲ್ಲಿ ಹಾಡಿದವರನ್ನು ಆಚೆಯವರಾದರು ಅಂತ ನೋಡುವವರು ಆಗ ತುಂಬಾ ಇದ್ದರು.

ಅದೇ ವರ್ಷ ಮೇ ತಿಂಗಳಲ್ಲಿ ಸೂಪರ್ ಫರಿ ಆ್ಯನಿಮಲ್ಸ್ ಅನ್ನುವ ಕಾರ್ಡಿಫ್ ಬ್ಯಾಂಡಿನ 'ಮ್ವೂಂಗ್' ಬಂದಿತ್ತು. ಇಡೀ ಆಲ್ಬಮ್ ವೆಲ್ಷ್‌ನಲ್ಲಿ. ಅದು ಬ್ರಿಟನ್ನಿನ ಪಟ್ಟಿಯಲ್ಲಿ 11ನೇ ಜಾಗಕ್ಕೆ ಏರಿತು. ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನಲ್ಲಿ ಒಬ್ಬ ಸದಸ್ಯರು ಅದನ್ನು ಹೊಗಳಿ ಸೂಚನೆ ಮಂಡಿಸಿದರು. ನಾನು ಹೋಗುವ ಹೊತ್ತಿಗೆ ಆ ಸಂಭ್ರಮ ಇನ್ನೂ ಆರಿರಲಿಲ್ಲ. ಅದರ ಬೆನ್ನಿಗೇ 'ಬ್ಲೂ ಟ್ರೀಸ್' ಬಂತು. ಎಂಟು ಹಾಡಿನಲ್ಲಿ ಹೆಸರು ವೆಲ್ಷ್‌ನಲ್ಲಿದ್ದದ್ದು ಕೊನೆಯದಕ್ಕೆ ಮಾತ್ರ. 'ಸ್ಬಿಯಾ ಆರ್ ಅ ಸೆರೆನ್'. ನಕ್ಷತ್ರವನ್ನು ನೋಡು ಅಂತ ಅರ್ಥ. ಕೆಯರ್ನಾರ್ವನ್ ಹುಡುಗಿ ನನಗೆ ಒಂದೊಂದೇ ಪದ ಬಿಡಿಸಿ ಹೇಳಿದಳು. ಸೆರೆನ್ ಅಂದರೆ ನಕ್ಷತ್ರ. ಆ ಪದ ಅವತ್ತಿಂದ ನನ್ನ ಬಳಿಯೇ ಇದೆ.

"ಒಂದೇ ಒಂದಾ?" ಅಂತ ಕಾರ್ಮಾರ್ಥೆನ್ ಹುಡುಗ ಕೇಳಿದ್ದಕ್ಕೆ ಅವಳು ಸಿಟ್ಟಾದಳು. ಅವಳ ಮಾತು ನನಗೆ ಇವತ್ತಿಗೂ ನೆನಪಿದೆ. ನನ್ನಜ್ಜಿ ದಿನಕ್ಕೆ ಎಷ್ಟು ವೆಲ್ಷ್ ಪದ ಆಡಿದಳು ಅಂತ ಯಾರೂ ಎಣಿಸುತ್ತಿರಲಿಲ್ಲ, ಅವಳಿಗೆ ಹೇಳೋದು ಇದ್ದಾಗ ಹೇಳುತ್ತಿದ್ದಳು, ಇವರೂ ಹಾಗೇ ಹಾಡಲಿ ಬಿಡು ಅಂದಳು.

ನನಗೆ ಅವಳ ಮಾತೇ ಸರಿ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ. ಒಂದು ಭಾಷೆ ಬದುಕಿದೆ ಅನ್ನಬೇಕಾದರೆ ಅದರಲ್ಲಿ ನಾಡಗೀತೆ ಇದ್ದರೆ ಸಾಲದು. ಸುಮ್ನೆ ಹೇಳುವ ಮಾತು, ಅರ್ಧಕ್ಕೆ ಬಿಟ್ಟ ಹಾಡು, ಯಾವ ಉದ್ದೇಶವೂ ಇಲ್ಲದ ಒಂದು ಪುಟ್ಟ ಪದ್ಯ, ಇವಕ್ಕೂ ಅದರಲ್ಲಿ ಜಾಗ ಇರಬೇಕು. ಗೋರ್ಕೀಸ್ ಹತ್ತು ವರ್ಷ ಮಾಡಿದ್ದು ಅದನ್ನೇ. ಅವರ ಹಳೆಯ ಹಾಡೊಂದರ ಹೆಸರು 'ಮೆರ್ಖೆದ್ ಅನ್ ನೈಡ್ ಗ್ವಾಸ್ಟ್ ಐ ಗಿಲಿದ್'. ಒಬ್ಬರ ತಲೆ ಇನ್ನೊಬ್ಬರು ಬಾಚುತ್ತಿರುವ ಹುಡುಗಿಯರು ಅಂತ ಅರ್ಥ. ನಮ್ಮೂರಿನ ಜಗುಲಿಯ ಮೇಲೆ ಸಂಜೆ ಹೊತ್ತು ನಾನು ನೋಡುತ್ತಿದ್ದದ್ದೂ ಇದನ್ನೇ. ಹಾಡು ಕಟ್ಟಲು ಅಷ್ಟು ಸಾಕು ಅಂತ ಆ ಹುಡುಗರಿಗೆ ಹದಿವಯಸ್ಸಿನಲ್ಲೇ ಗೊತ್ತಿತ್ತು.

ಹುಚ್ಚುತನ ಹೊರಟು ಹೋಯಿತು ಅನ್ನುವ ದೂರನ್ನು ನಾನು ಒಪ್ಪಲಿಲ್ಲ. ಅವರ ಹಳೇ ಆಲ್ಬಮ್‌ಗಳನ್ನೆಲ್ಲ ಆ ಚಳಿಗಾಲ ಒಂದೊಂದಾಗಿ ಕೇಳಿದೆ. ಗದ್ದಲದ ಹಾಡು ಮುಗಿದ ಮೇಲೆ ಪ್ರತಿ ಸಲವೂ ಒಂದು ಸಣ್ಣ, ತಣ್ಣನೆಯ ಹಾಡು ಇರುತ್ತಿತ್ತು. ಜಾತ್ರೆಯಿಂದ ಆಚೆ ಬಂದು ಕೆರೆ ಏರಿಯ ಮೇಲೆ ಕೂತ ಹಾಗೆ. 'ಬ್ಲೂ ಟ್ರೀಸ್'ನಲ್ಲಿ ಅವರು ಜಾತ್ರೆಯನ್ನು ಬಿಟ್ಟು ಏರಿಯನ್ನು ಮಾತ್ರ ಇಟ್ಟುಕೊಂಡಿದ್ದರು. ಒಂದು ಶೈಲಿಯಿಂದ ಇನ್ನೊಂದಕ್ಕೆ ಹಾರುತ್ತಲೇ ಇದ್ದವರು ಒಂದು ಕಡೆ ಅರ್ಧ ಗಂಟೆ ಅಲುಗಾಡದೆ ಕೂರುವುದು ಸಣ್ಣ ಕೆಲಸ ಅಲ್ಲ. ಅವರು ಮಾಡಿದ ಅತಿ ದೊಡ್ಡ ನೆಗೆತ ಅದೇ ಅಂತ ನನ್ನ ನಂಬಿಕೆ.

ನಾಲ್ಕನೇ ಹಾಡಿನ ಹೆಸರು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. 'ಫುಟ್ ಅಂಡ್ ಮೌತ್ '68'. ಓದಿದ ಕೂಡಲೇ ತಲೆಯಲ್ಲಿ ಕನ್ನಡ ಬಂತು. ಕಾಲುಬಾಯಿ ಜ್ವರ.

ಆ ಭಾನುವಾರ ಫೋನ್ ಕಾರ್ಡಿನಲ್ಲಿ ಊರಿಗೆ ಮಾಡಿದಾಗ ಅಮ್ಮನಿಗೆ ಹೇಳಿದೆ. "ಕಾಲುಬಾಯಿ ಜ್ವರದ ಮೇಲೂ ಹಾಡು ಕಟ್ತಾರೇನೋ ಅಲ್ಲಿ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಮ್ಮ ಗೌರಿಗೆ ಬಂದಿತ್ತಲ್ಲ ಮಗ, ನೆನಪಿದೆಯಾ?" ನೆನಪಿತ್ತು. ನಾನಾಗ ನಾಲ್ಕನೇ ಕ್ಲಾಸು. ಗೌರಿಯ ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ನಾಲಿಗೆಯ ಮೇಲೆಲ್ಲ ಹುಣ್ಣು. ಗೊರಸಿನ ಸಂದಿ ಕಿತ್ತು ಬಂದು ಕಾಲು ಊರಲಾಗದೆ ಒಂದೊಂದೇ ಕಾಲು ಎತ್ತಿ ಕೊಡವುತ್ತಿತ್ತು. ಅಪ್ಪ ಗೊರಸು ತೊಳೆದು ಬೇವಿನೆಣ್ಣೆ ಹಚ್ಚುತ್ತಿದ್ದರು. ಅಮ್ಮ ರಾಗಿ ಗಂಜಿ ಆರಿಸಿ, ಬೊಗಸೆಯಲ್ಲಿ ತುಂಬಿಕೊಂಡು, ಅದರ ಬಾಯಿಗೆ ಒಂದೊಂದೇ ಗುಟುಕು ಬಿಡುತ್ತಿದ್ದಳು. ಎರಡು ವಾರಕ್ಕೆ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು. ಹಾಲು ಮಾತ್ರ ಆ ವರ್ಷ ಅರ್ಧಕ್ಕೆ ಇಳಿಯಿತು.

ಹಾಡಿನ ಹೆಸರಿನ '68 ಬ್ರಿಟನ್ನಿನ ದೊಡ್ಡ ಕಾಯಿಲೆಯ ವರ್ಷ. 1967ರ ಅಕ್ಟೋಬರಿನಲ್ಲಿ ವೇಲ್ಸ್ ಗಡಿಯ ಪಕ್ಕದ ಆಸ್ವೆಸ್ಟ್ರಿ ಹತ್ತಿರ ಶುರುವಾಗಿ 68ರವರೆಗೆ ನಡೆದ ಆ ಪಿಡುಗಿನಲ್ಲಿ 4 ಲಕ್ಷಕ್ಕೂ ಜಾಸ್ತಿ ಜಾನುವಾರು ಹೋದವು. ಬ್ಯಾಂಡಿನ ಹುಡುಗರು ಆಗ ಹುಟ್ಟಿಯೇ ಇರಲಿಲ್ಲ. ಆದರೆ ದನ ಕಟ್ಟುವ ಊರುಗಳಲ್ಲಿ ಇಂಥ ವರ್ಷದ ಮಾತು ಮನೆಯಿಂದ ಮನೆಗೆ ಉಳಿಯುತ್ತದೆ.

ಆ ಆಲ್ಬಮ್ ಬಂದು ಕೆಲವೇ ತಿಂಗಳಾಗಿತ್ತು. 2001ರ ಫೆಬ್ರವರಿಯಲ್ಲಿ ಕಾಲುಬಾಯಿ ಜ್ವರ ಬ್ರಿಟನ್ನಿಗೆ ಮತ್ತೆ ಬಂತು.

ನೋಡನೋಡುತ್ತಿದ್ದಂತೆ ಎಲ್ಲ ಬದಲಾಯಿತು. ಹಳ್ಳಿಗಾಡಿನ ಕಾಲುದಾರಿಗಳನ್ನು ಮುಚ್ಚಿದರು. ತೋಟದ ಮನೆಗಳ ಗೇಟಿನ ಮುಂದೆ ಔಷಧಿ ಸುರಿದ ಹುಲ್ಲಿನ ಚಾಪೆ ಹಾಸಿದರು. ರಾತ್ರಿ ಸುದ್ದಿಯಲ್ಲಿ ಕಾಲು ಮೇಲಾಗಿ ಬಿದ್ದ ದನಗಳ ರಾಶಿ, ಬೆಂಕಿ, ಹೊಗೆ. ರೋಗ ಬಂದವನ್ನು ಮಾತ್ರ ಅಲ್ಲ, ಅಕ್ಕಪಕ್ಕದ ಹೊಲದ ಆರೋಗ್ಯವಾಗಿದ್ದ ದನ ಕುರಿಗಳನ್ನೂ ಕೊಂದರು. ಒಟ್ಟು 60 ಲಕ್ಷಕ್ಕಿಂತ ಜಾಸ್ತಿ. ಲಸಿಕೆ ಹಾಕಿದರೆ ರೋಗಮುಕ್ತ ದೇಶ ಅನ್ನುವ ಹಣೆಪಟ್ಟಿ ಬೇಗ ವಾಪಸ್ ಬರುವುದಿಲ್ಲ, ಮಾಂಸ ರಫ್ತು ನಿಲ್ಲುತ್ತದೆ ಅನ್ನುವುದು ಲೆಕ್ಕ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಕೊಂದೇ ಬಿಟ್ರಾ? ವಾಸಿಯಾಗತ್ತಲ್ಲೋ ಅದು!" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾರ್ಮಾರ್ಥೆನ್ ಹುಡುಗನ ಅಪ್ಪನದು ಹಾಲಿನ ಡೈರಿ. ಈಸ್ಟರ್‌ಗೆ ಮನೆಗೆ ಬರಬೇಡ, ಬಸ್ಸಿನಲ್ಲಿ ರೈಲಿನಲ್ಲಿ ಯಾರ ಬೂಟಿನಲ್ಲಿ ಏನಿರುತ್ತೋ ಗೊತ್ತಿಲ್ಲ ಅಂತ ಅಪ್ಪ ಫೋನ್ ಮಾಡಿದರು. ಅವರ ದನಗಳಿಗೆ ಏನೂ ಆಗಿರಲಿಲ್ಲ. ಆಗಬಾರದು ಅಂತ ಕಾಯುವುದೇ ಆ ವಸಂತವಿಡೀ ಅವರ ಕೆಲಸ. ಅವನು ನಡುಮನೆಯಲ್ಲಿ ಟಿ.ವಿ. ಆರಿಸಿ ಕೂತಿದ್ದ. ಆಮೇಲೆ ಎದ್ದು, ಐದು ತಿಂಗಳಿನಿಂದ ಮುಟ್ಟದ ಆ ಸಿ.ಡಿ. ಹುಡುಕಿ ತೆಗೆದ. ಮೊದಲಿಂದ ಹಾಕಿದ. ನಾಲ್ಕನೆಯದಕ್ಕೆ ನೇರವಾಗಿ ಹೋಗಲಿಲ್ಲ. ಮೊದಲ ಮೂರನ್ನೂ ಕೇಳಿದ. ನಾಲ್ಕನೆಯದು ಬಂದಾಗ ಅವನು ತನ್ನ ಅಂಗೈಯನ್ನೇ ನೋಡುತ್ತಿದ್ದ. ನಾನು ಎದ್ದು ಹೋಗಿ ಟೀ ಇಟ್ಟೆ. ಎಂಟೂ ಮುಗಿದ ಮೇಲೆ ಅವನು ಹೇಳಿದ್ದು ಒಂದೇ ಮಾತು. ಇದಕ್ಕಿಂತ ಉದ್ದ ಇದ್ದಿದ್ದರೆ ಇವತ್ತು ಕೇಳೋಕೆ ಆಗ್ತಿರಲಿಲ್ಲ.

ಆ ವಾರ ಪೂರ್ತಿ ದಿನಕ್ಕೊಂದು ಸಲ ಅದು ನಮ್ಮ ಮನೆಯಲ್ಲಿ ಓಡಿತು. ಬ್ರಿಸ್ಟಲ್ ಹುಡುಗ ನಿಮಿಷದ ಮಾತು ಮತ್ತೆ ಎತ್ತಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಬ್ಯಾಂಡು 2001ರಲ್ಲಿ ಒಂದು, 2003ರಲ್ಲಿ ಒಂದು ಆಲ್ಬಮ್ ತಂದಿತು. ಎರಡರಲ್ಲೂ ಆ ಎಂಟು ಹಾಡಿನ ತಂಪು ಇತ್ತು. 2006ರಲ್ಲಿ ಬ್ಯಾಂಡ್ ನಿಂತಿತು. ಯೂರೋಸ್ ಚೈಲ್ಡ್ಸ್ ಆಮೇಲೂ ಒಬ್ಬರೇ ಹಾಡುತ್ತಾ ಬಂದರು, ನ್ಯಾಷನಲ್ ಎಲ್ಫ್ ಅಂತ ಸ್ವಂತದ್ದೊಂದು ಸಣ್ಣ ಲೇಬಲ್ ಮಾಡಿಕೊಂಡು. 'ಬ್ಲೂ ಟ್ರೀಸ್' ಅವರ ಅತ್ಯುತ್ತಮ ಕೆಲಸ ಅನ್ನುವವರು ಈಗ ಸಿಗುತ್ತಾರೆ. ಆಗ ನನಗೆ ಅಂಥವಳು ಒಬ್ಬಳೇ ಸಿಕ್ಕಿದ್ದು, ಎದ್ದು ಹೋಗಿ ಮತ್ತೆ ಮೊದಲಿಂದ ಹಾಕಿದವಳು.

ಕಾಲುದಾರಿಗಳು ತೆರೆದ ಮೇಲೆ ಆ ಬೇಸಿಗೆ ನಾವು ನಾಲ್ಕೂ ಜನ ಪೆಂಬ್ರೋಕ್‌ಶೈರ್‌ಗೆ ಹೋಗಿದ್ದೆವು, ಬ್ಯಾರಫಂಡಲ್ ಕೊಲ್ಲಿ ನೋಡಲು. ಗೋರ್ಕೀಸ್‌ನ 1997ರ ಆಲ್ಬಮ್ಮಿಗೆ ಆ ಕೊಲ್ಲಿಯದ್ದೇ ಹೆಸರು. ಅಲ್ಲಿಗೆ ಕಾರು ಹೋಗುವುದಿಲ್ಲ. ಸ್ಟ್ಯಾಕ್‌ಪೋಲ್ ಕೀಯಲ್ಲಿ ಗಾಡಿ ನಿಲ್ಲಿಸಿ ಬಂಡೆಯ ಮೇಲಿನ ದಾರಿಯಲ್ಲಿ ಅರ್ಧ ಮೈಲಿ ನಡೆಯಬೇಕು. ಕೊನೆಗೆ ಕಲ್ಲಿನ ಗೋಡೆಯಲ್ಲಿ ಒಂದು ಕಮಾನು. ಅದರ ಒಳಗಿಂದ ಕೆಳಗೆ ಮರಳು, ಸಮುದ್ರ. ಕಮಾನಿನಲ್ಲಿ ನಿಂತು ಕಾರ್ಮಾರ್ಥೆನ್ ಹುಡುಗ 'ಪ್ಯಾಟಿಯೋ ಸಾಂಗ್'ನ ವೆಲ್ಷ್ ಭಾಗ ಹಾಡಿದ. ಅವನ ದನಿ ಚೆನ್ನಾಗಿತ್ತು. ಅಷ್ಟು ತಿಂಗಳು ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ.

ಓದು ಮುಗಿಸಿ ನಾನು ಊರಿಗೆ ಹೊರಟಾಗ ಅವನು ಆ ಸಿ.ಡಿ.ಯನ್ನೇ ನನ್ನ ಕೈಗಿಟ್ಟ. ತನಗೆ ಇನ್ನೊಂದು ತಂದುಕೊಳ್ಳುತ್ತೇನೆ ಅಂದ. ಕವರಿನ ಒಂದು ಮೂಲೆ ಮಳೆಯ ನೀರಿಗೆ ಉಬ್ಬಿತ್ತು.

ಊರಿಗೆ ಬಂದ ಮೊದಲ ಚಳಿಗಾಲ. ಹೊಸ ಅವರೆಕಾಯಿ ಬಂದಿತ್ತು. ಹಾಸನದಿಂದ ತಂದಿದ್ದ ಸಣ್ಣ ಪ್ಲೇಯರನ್ನು ಜಗುಲಿಯ ಮೇಲಿಟ್ಟು ಸಿ.ಡಿ. ಹಾಕಿದೆ. ಅಮ್ಮ ಮೊರದ ಮುಂದೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು, ಒಂದು ಒತ್ತು, ಬೇಳೆ ಪುಟಕ್ಕನೆ ಪಾತ್ರೆಗೆ. ನಾಲ್ಕನೆಯದು ಬಂದಾಗ ಇದೇ ಅಂದೆ. ಅವಳ ಕೈ ನಿಂತಿತು. ಆ ಹಾಡು ಮುಗಿಯುವವರೆಗೂ ಕೊಟ್ಟಿಗೆ ಕಡೆ ನೋಡುತ್ತಾ ಕೂತಳು. ಆಮೇಲೆ ಮತ್ತೆ ಹಿತುಕಲು ಶುರು ಮಾಡಿದಳು. ಐದು, ಆರು, ಏಳು, ನಕ್ಷತ್ರದ ಹಾಡು. ಡಿಸ್ಕ್ ನಿಂತಿತು.

"ಇಷ್ಟು ಬೇಗ ಮುಗೀತಾ?" ಅಂದಳು ಅಮ್ಮ. "ಇನ್ನೂ ಅರ್ಧ ಮೊರ ಕಾಳಿದೆಯಲ್ಲೋ."

ಮತ್ತೆ ಮೊದಲಿಂದ ಹಾಕಿ ನಾನೂ ಮೊರದ ಮುಂದೆ ಕೂತೆ.